ಮೆಣಸಿನಕಾಯಿ ಘಾಟು ಮತ್ತು ನೇರಳೆ ಜಾಕೆಟ್ಟು

ಆ ದಿನಗಳಲ್ಲಿ ನನ್ನ ಪ್ರಪಂಚದಲ್ಲಿ ಇದ್ದದ್ದು ಎರಡೇ ಮನೆ: ಐರ್ಲೆಂಡಿನ ಕಾರ್ಕ್ ನಗರದ ಹಾಲಿಹಿಲ್‌ನಲ್ಲಿದ್ದ ನಮ್ಮ ಮನೆ, ಗೋಡೆಗೆ ಗೋಡೆ ಅಂಟಿಕೊಂಡಿದ್ದ ಗೆಳತಿ ಸಹನಾಳ ಮನೆ. ನಮ್ಮಿಬ್ಬರ ಅಪ್ಪಂದಿರು ಒಂದೇ ಕಾರಿನಲ್ಲಿ ಒಂದೇ ಆಫೀಸಿಗೆ ಹೋಗುತ್ತಿದ್ದರು. ನಮ್ಮಮ್ಮ ಒಗ್ಗರಣೆ ಹಾಕಿದರೆ ಅವರ ಮನೆಯವರು ಸೀನುತ್ತಿದ್ದರು.

ನನಗೆ ಹತ್ತು ವರ್ಷವಾಗಿದ್ದ ಆ ಚಳಿಗಾಲದಲ್ಲಿ, ಫೆಬ್ರವರಿಯ ಮಿಡ್-ಟರ್ಮ್ ರಜೆಗೆ ಎರಡೂ ಮನೆಯವರು ಸೇರಿ ಆಲ್ಪ್ಸ್ ಬೆಟ್ಟಕ್ಕೆ ಸ್ಕೀಯಿಂಗ್ ಹೋಗುವುದೆಂದು ಮಾತಾಯಿತು. ಫ್ರಾನ್ಸಿನಲ್ಲಿದ್ದ ಆ ದೊಡ್ಡ ರೆಸಾರ್ಟಿನ ಮ್ಯಾಪನ್ನು ಅಪ್ಪ ದೊಡ್ಡದಾಗಿ ಪ್ರಿಂಟ್ ಮಾಡಿಸಿ ತಂದರು. ಅದು ನಮ್ಮ ಊಟದ ಮೇಜಿನ ಮೇಲೆಯೇ ಉಳಿದು, ಸಾರಿನ ಕಲೆ ಹತ್ತಿಸಿಕೊಂಡಿತು. ಹಸಿರು ಗೆರೆ ಕಲಿಯುವವರ ಇಳಿಜಾರು, ಕಪ್ಪು ಗೆರೆ ಎದೆಗಾರರದ್ದು. ಬೆಟ್ಟದ ಮೇಲಕ್ಕೆ ಒಯ್ಯುವ ಯಾವ ಲಿಫ್ಟ್ ಹತ್ತಿದರೆ ಎಲ್ಲಿ ಇಳಿಯಬೇಕು ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಸಹನಾಳ ತಲೆಗೆ ಒಂದೂ ಹತ್ತುತ್ತಿರಲಿಲ್ಲ. ನೇರ ಕಪ್ಪು ಗೆರೆಯ ಮೇಲೆ ಬೆರಳಿಡುತ್ತಿದ್ದಳು.

"ಅದು ಬ್ಲ್ಯಾಕ್ ಕಣೆ, ಸತ್ತೋಗ್ತೀಯ."

"ಐ'ಲ್ ಬಿ ಗ್ರ್ಯಾಂಡ್," ಎನ್ನುತ್ತಿದ್ದಳು ಅವಳು. ಐರಿಶರ ಬಾಯಲ್ಲಿ ಗ್ರ್ಯಾಂಡ್ ಎಂದರೆ 'ಏನೂ ತೊಂದರೆಯಿಲ್ಲ, ಚೆನ್ನಾಗಿದೆ' ಎಂದಷ್ಟೇ.

ಕಾಲುಚೀಲ ಹಾಕಿಕೊಂಡು, ಸ್ಕೀ ಕೋಲೆಂದು ಕೈಗೊಂದು ಲಟ್ಟಣಿಗೆ ಹಿಡಿದು, ನಡುಮನೆಯ ಮರದ ನೆಲದ ಮೇಲೆ ನಾವು ಜಾರುತ್ತಿದ್ದೆವು. "ಜಾರಿ ಬೀಳೋಕೆ ಅಷ್ಟು ದೂರ ಹೋಗ್ಬೇಕೇನ್ರೀ, ನಮ್ಮ ಬಚ್ಚಲಲ್ಲೇ ಆಗ್ತಿತ್ತಲ್ಲ," ಎಂದು ಅಮ್ಮ ಅಪ್ಪನನ್ನು ರೇಗಿಸುತ್ತಿದ್ದಳು. ಆದರೂ ಸೂಪರ್‌ಮಾರ್ಕೆಟ್ಟಿನಲ್ಲಿ ಸ್ಕೀ ಬಟ್ಟೆ ಬಂದ ದಿನ ಬೆಳಿಗ್ಗೆಯೇ ಹೋಗಿ ನನಗೊಂದು ನೇರಳೆ ಜಾಕೆಟ್ಟು ತಂದಳು. ಹೊಸ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುತ್ತಿದ್ದ ಅದನ್ನು ಹಾಕಿಕೊಂಡೇ ನಾನು ಹೋಂವರ್ಕ್ ಮಾಡಿದೆ.

ಆಮೇಲೆ ವೀಸಾದ ಮಾತು ಬಂತು. ಸಹನಾಳ ಮನೆಯವರು ಅಷ್ಟರಲ್ಲಿ ಐರಿಶ್ ಪಾಸ್‌ಪೋರ್ಟ್ ಪಡೆದಿದ್ದರು. ಅವರು ಬ್ಯಾಗ್ ಹಿಡಿದು ವಿಮಾನ ಹತ್ತಿದರಾಯಿತು. ನಮ್ಮವು ಇನ್ನೂ ಇಂಡಿಯನ್ ಪಾಸ್‌ಪೋರ್ಟ್. ಡಬ್ಲಿನ್‌ಗೆ ಹೋಗಿ ಫ್ರಾನ್ಸಿನ ವೀಸಾ ಮಾಡಿಸಬೇಕು, ರಜೆ ಮುಗಿಯುವವರೆಗೂ ಅಪಾಯಿಂಟ್‌ಮೆಂಟೇ ಇಲ್ಲ. ಅಪ್ಪ ವಾರಗಟ್ಟಲೆ ಲ್ಯಾಪ್‌ಟಾಪ್ ನೋಡಿ ನೋಡಿ, "ಮುಂದಿನ ವರ್ಷ ಹೋಗೋಣ ಪುಟ್ಟಿ," ಎಂದರು. ನಾನು ಅಳಲಿಲ್ಲ. ಮ್ಯಾಪನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟೆ, ಸಹನಾಳಿಗೆ ಕೊಡಲಿಲ್ಲ. ಹೊಟ್ಟೆಕಿಚ್ಚು ಎಂಬ ಮಾತಿನಲ್ಲಿ ಕಿಚ್ಚು ಯಾಕಿದೆ ಎಂದು ಗೊತ್ತಾದದ್ದು ಆಗಲೇ.

ಅವರು ಹೊರಡುವ ಮಧ್ಯಾಹ್ನ ನಾನು ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಡಬ್ಬಿಗೆ ತುಂಬಿದ ಪುಳಿಯೋಗರೆ ಗೊಜ್ಜಿನ ವಾಸನೆ ಮನೆಯೆಲ್ಲ ಹರಡಿತ್ತು. ಸಹನಾಳ ಅಮ್ಮ ಸುಧಾ ಆಂಟಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಉಪ್ಪು, ಒಣಮೆಣಸಿನಕಾಯಿ ಹಿಡಿದು, "ಊರೋರ ಕಣ್ಣು, ಕೇರಿಯೋರ ಕಣ್ಣು," ಎನ್ನುತ್ತ ದೃಷ್ಟಿ ನಿವಾಳಿಸಿದರು.

"ಈಗ ಸುಡ್ತೀನಿ ನೋಡು. ಘಾಟು ಬರ್ಲಿಲ್ಲ ಅಂದ್ರೆ ಯಾರದೋ ಕಣ್ಣು ಬಿದ್ದೈತೆ ಅಂತ," ಎಂದರು ನನ್ನ ಕಡೆ ತಿರುಗಿ.

ಘಾಟು ಬರುವುದಿಲ್ಲ, ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಆಂಟಿ ಬಾಣಲೆಯನ್ನು ಕರೆಂಟ್ ಒಲೆಯ ಮೇಲಿಟ್ಟು ಮೆಣಸಿನಕಾಯಿ ಸುರಿದರು. ಸ್ವಲ್ಪ ಹೊತ್ತಿಗೆ ಸಹನಾ ಕೆಮ್ಮಿದಳು, ನಾನೂ ಕೆಮ್ಮಿದೆ, ತಲೆಯ ಮೇಲಿನ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಅಂಕಲ್ ಕುರ್ಚಿ ಹತ್ತಿ ಟವೆಲ್ ಬೀಸತೊಡಗಿದರು. ಆಂಟಿ ಮಾತ್ರ ಕಣ್ಣೀರು ಒರೆಸಿಕೊಳ್ಳುತ್ತ ಖುಷಿಯಾಗಿದ್ದರು. "ಎಂಥಾ ಘಾಟು ನೋಡ್ರೀ. ಯಾರ ಕಣ್ಣೂ ಬಿದ್ದಿಲ್ಲ, ನೆಮ್ಮದಿಯಾಗಿ ಹೋಗ್ಬರೋಣ."

ನನಗೆ ಸಮಾಧಾನವಾಗಬೇಕಿತ್ತು. ಆಗಿದ್ದು ಅವಮಾನ. ನಾನು ಅಷ್ಟೆಲ್ಲ ಉರಿದುಕೊಂಡಿದ್ದೆ, ಆ ಮೆಣಸಿನಕಾಯಿ ನನ್ನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ರಜೆ ಪೂರ್ತಿ ಮಳೆ. ನೇರಳೆ ಜಾಕೆಟ್ಟು ಹಾಕಿಕೊಂಡು ಅಂಗಡಿಯಿಂದ ಹಾಲು ತಂದೆ. ಸಹನಾ ಕಣ್ಣಿನ ಸುತ್ತ ಸ್ಕೀ ಕನ್ನಡಕದ ಗುರುತು ಬಿಟ್ಟು ಉಳಿದ ಮುಖವೆಲ್ಲ ಹಿಮದ ಬಿಸಿಲಿಗೆ ಕಪ್ಪಾಗಿ ಬಂದಳು. ತಾನು ಹತ್ತಿದ ಲಿಫ್ಟ್ ಎಲ್ಲಿಗೆ ಹೋಗುತ್ತದೆಂದು ಹೇಳುವಾಗ ತಪ್ಪಿದಳು, ನಾನು ತಿದ್ದಿದೆ.

"ಹೋದವಳು ನಾನಾ, ನೀನಾ?" ಎಂದಳು. ಎರಡು ದಿನ ಮಾತು ಬಿಟ್ಟೆವು. ಆಮೇಲೆ ಅವಳೇ ಅರ್ಧ ತಿಂದ ಚಾಕೊಲೇಟ್ ಹಿಡಿದು ಬಂದಳು.

ನಮ್ಮ 'ಮುಂದಿನ ವರ್ಷ' ಬರಲೇ ಇಲ್ಲ. ಈಗ ನನ್ನಲ್ಲೂ ಐರಿಶ್ ಪಾಸ್‌ಪೋರ್ಟ್ ಇದೆ. ಸಹನಾ ವಾಟರ್‌ಫರ್ಡ್‌ನಲ್ಲಿ ಡಾಕ್ಟರು, ಹುಟ್ಟುಹಬ್ಬಕ್ಕೊಂದು ಮೆಸೇಜು, ಅಷ್ಟೇ. ಕಳೆದ ಫೆಬ್ರವರಿಯಲ್ಲಿ ಆಫೀಸಿನವರ ಜೊತೆ ಅದೇ ರೆಸಾರ್ಟಿಗೆ ಹೋಗಿದ್ದೆ. ಲಿಫ್ಟುಗಳೆಲ್ಲ ನಾನು ಬೆರಳಿಟ್ಟ ಜಾಗದಲ್ಲೇ ಇದ್ದವು. ತುತ್ತತುದಿಯಲ್ಲಿ ನಿಂತು ಸಹನಾಳಿಗೊಂದು ಫೋಟೊ ಕಳಿಸಿದೆ. 'ನನ್ನ ಬಿಟ್ಟು ಹೋದ್ಯಲ್ಲೇ' ಎಂದಾದರೂ ಬರೆಯಲಿ ಎಂದು, ಗ್ಲೌಸ್ ಬಿಚ್ಚಿ ಫೋನ್ ಹಿಡಿದು ಕಾದೆ. ಬೆರಳು ಮರಗಟ್ಟಿದ ಮೇಲೆ ಉತ್ತರ ಬಂತು: 'ಗ್ರ್ಯಾಂಡ್. ಎಂಜಾಯ್.'

ಅವಳಿಗೆ ಒಂದಿಷ್ಟೂ ಹೊಟ್ಟೆ ಉರಿದಿರಲಿಲ್ಲ. ಇವತ್ತು ಯಾರಾದರೂ ನನಗೆ ದೃಷ್ಟಿ ನಿವಾಳಿಸಿ ಮೆಣಸಿನಕಾಯಿ ಸುಟ್ಟರೆ, ಬೀದಿಯವರೆಲ್ಲ ಕೆಮ್ಮುವಷ್ಟು ಘಾಟು ಬರುತ್ತದೆ.