ಮುತ್ಯಾನ ಉಸಿರು, ಈಶಪ್ಪನ ಹಸಿ ಕುಣಿ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಗಾಳಿಯ ವಿಷಯವಾಗಿ ಯಾರಿಗೇ ಸಂಶಯ ಬಂದರೂ ಈಶಪ್ಪನ ಹತ್ತಿರ ಹೋಗಬೇಕಾಗಿತ್ತು. ಹೋಗದಿದ್ದರೆ ಅವನೇ ಬರುತ್ತಿದ್ದ.

ಗಾಳಿ ಎಂದರೆ ಬಿರುಗಾಳಿ, ಮಳೆಗಾಳಿ ಅಲ್ಲ. ಅವು ಒಕ್ಕಲಿಗರ ಪಾಲಿನವು. ಈಶಪ್ಪನದು ಮನೆಯೊಳಗಿನ ಗಾಳಿ. ಅದು ಎಷ್ಟು ಹಸಿ, ಎಷ್ಟು ಒಣ ಎಂಬುದನ್ನು ಅವನು ಮೂಗಿನ ತುದಿಯಿಂದಲೇ ಹೇಳುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕುಣಿಮಗ್ಗದ ನೇಕಾರನ ಹೊಟ್ಟೆಪಾಡೇ ಅದು. ಮನೆಯ ನೆಲದಲ್ಲಿ ಒಂದು ಕುಣಿ. ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಮೇಲೆ ಲಾಳಿ ಒಗೆಯಬೇಕು. ಹವೆ ಒಣಗಿತೋ, ಮಗ್ಗದುದ್ದಕ್ಕೂ ಬಿಗಿದ ಹಾಸಿನ ಎಳೆಗಳು ಪಟಪಟನೆ ಹರಿಯುತ್ತವೆ. ಅದಕ್ಕಾಗಿ ಮುಂಜಾನೆ ಕುಣಿಯೊಳಗೆ ನೀರು ಚಿಮುಕಿಸಿ, ಅದನ್ನು ಸದಾ ಹಸಿಯಾಗಿ ಇಡುವುದು ಅಪ್ಪ ಅಜ್ಜಂದಿರಿಂದ ಬಂದ ಪದ್ಧತಿ.

ಈ ಒಂದು ಖರೇ ಮಾತಿನ ಮೇಲೆ ಈಶಪ್ಪ ಇಡೀ ಲೋಕವನ್ನೇ ನೇಯ್ದುಬಿಟ್ಟಿದ್ದ. ಹಸಿಯಲ್ಲಿ ನೂಲು ಹರಿಯುವುದಿಲ್ಲ. ಉಸಿರೂ ಒಂದು ಎಳೆಯೇ. ಅಂದಮೇಲೆ ಹಸಿಯಲ್ಲಿ ಉಸಿರೂ ಹರಿಯುವುದಿಲ್ಲ. ಅವನು ಊರು ಬಿಟ್ಟು ಹೋದದ್ದು ಕಡಿಮೆ. ಒಮ್ಮೆ ಸೋದರ ಸೊಸೆಯ ಲಗ್ನಕ್ಕೆ ನರಗುಂದಕ್ಕೆ ಹೋಗಿದ್ದ. ಬೀಗರು ಊಟ ಹೇಗಾಯಿತೆಂದು ಕೇಳಿದರೆ, ಹೋಳಿಗೆಯ ಸುದ್ದಿ ಬಿಟ್ಟು, ನರಗುಂದದ ಹವೆ ಭಾಳ ಒಣ, ಇಲ್ಲಿ ಮನುಷ್ಯರು ಇಷ್ಟು ದಿನ ಹೇಗೆ ಬದುಕಿದ್ದಾರೋ ಎಂದು ಮರುಗಿದ್ದ. ಬೀಗರಿಗೆ ಅದು ಆಶೀರ್ವಾದವೋ ಶಾಪವೋ ತಿಳಿಯಲಿಲ್ಲವಂತೆ.

ಇಂಥ ಈಶಪ್ಪನ ಕುಣಿಯಲ್ಲಿ ವಾಸವಾಗಿದ್ದವನು ಮುತ್ಯಾ.

ಹುಬ್ಬಳ್ಳಿಯ ಯಾವುದೋ ದವಾಖಾನೆಯಲ್ಲಿ ಪರೀಕ್ಷೆಯ ಪ್ರಾಣಿಗಳ ಪಂಜರ ತೊಳೆಯುವ ನೌಕರಿ ಮಾಡುತ್ತಿದ್ದ ಈಶಪ್ಪನ ಷಡ್ಡಕ ಒಂದು ಸಲ ಬರುವಾಗ ಕೈಚೀಲದಲ್ಲಿ ಒಂದು ಗಿನಿ ಇಲಿಯನ್ನು ಹಾಕಿಕೊಂಡು ಬಂದಿದ್ದ. ಅಂಗೈಯಲ್ಲಿ ಹಿಡಿಸುವ ಮರಿ. ಬಿಳಿ ಮೈ, ಬೆನ್ನಿನ ಮೇಲೆ ಬೆಲ್ಲದ ಬಣ್ಣದ ಒಂದು ಮಚ್ಚೆ. ಅದು ಬೆಳೆದು ಸಣ್ಣ ಕುಂಬಳಕಾಯಿಯಷ್ಟಾಯಿತು. ಬಾಲವಿಲ್ಲ, ಕೊರಳಿಲ್ಲ, ಅವಸರವಿಲ್ಲ. ಈಶಪ್ಪ ಅದಕ್ಕೆ ಕುಣಿಯ ಮೂಲೆಯಲ್ಲಿ ಹುಲ್ಲು ಹಾಸಿದ. ಅವನ ಎರಡೂ ಕಾಲುಗಳು ಏರುತ್ತ ಇಳಿಯುತ್ತ ಇರುವಾಗ ಅದು ನಡುವೆ ಕೂತು ಮೆಲುಕು ಹಾಕುವವರಂತೆ ಬಾಯಾಡಿಸುತ್ತಿತ್ತು. ಒಂದು ದಿನವೂ ತುಳಿಸಿಕೊಳ್ಳಲಿಲ್ಲ. ಚಳಿಗಾಲದಲ್ಲಿ ಅವನ ಹಿಮ್ಮಡಿಗೆ ಒರಗುತ್ತಿತ್ತು. ಮಧ್ಯಾಹ್ನ, ಓಣಿಯೆಲ್ಲ ತೂಕಡಿಸುವ ಹೊತ್ತಿನಲ್ಲಿ, ಲಾಳಿ ಆ ಕಡೆಯಿಂದ ಈ ಕಡೆಗೆ ಹೋಗುತ್ತಿದ್ದರೆ, ಕಾಲಬುಡದಲ್ಲಿ ಆ ಬಿಸುಪು ಇದ್ದರೆ, ತಾನು ಸೀರೆ ನೇಯುತ್ತಿದ್ದೇನೋ ಕನಸು ನೇಯುತ್ತಿದ್ದೇನೋ ಈಶಪ್ಪನಿಗೆ ತಿಳಿಯುತ್ತಿರಲಿಲ್ಲ. ನೀಲಿ ಹಾಸು ಕೆರೆಯ ನೀರಿನ ಹಾಗೆ ಮುಂದೆ ಚಾಚಿಕೊಂಡಿರುತ್ತಿತ್ತು. ಅವನು ಅದರ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತವನು.

ವರ್ಷಗಳು ಹೀಗೆ ಕಳೆದು, ಪ್ರಾಣಿಯ ಮೀಸೆ ಜೋತುಬಿದ್ದು, ನಡಿಗೆ ಗೌಡಕಿ ಮಾಡಿ ದಣಿದವರ ನಡಿಗೆಯಂತಾದಾಗ ಈಶಪ್ಪನ ಹೆಂಡತಿ ರೇಣುಕವ್ವ ಅದನ್ನು ಮುತ್ಯಾ, ಅಂದರೆ ಅಜ್ಜ, ಎಂದು ಕರೆಯತೊಡಗಿದಳು. ಆ ಜಾತಿಯಲ್ಲಿ ಐದು ವರ್ಷವೆಂದರೆ ಮುತ್ಯಾನೇ.

ಆ ಸಲದ ಚಳಿ ಜೋರಾಗಿತ್ತು. ಮೂಡಗಾಳಿ ರಾಜೂರಿನ ಕಡೆಯ ಹೊಲಗಳ ಮೇಲಿನಿಂದ ಒಣಗಿ ಬರುತ್ತಿತ್ತು. ನೂಲು ಹರಿಯತೊಡಗಿತು. ಈಶಪ್ಪ ಕುಣಿಗೆ ಹೆಚ್ಚು ನೀರು ಹಾಕಿದ. ಸ್ವಲ್ಪ ದಿನಕ್ಕೆ ಮುತ್ಯಾ ಸೀನತೊಡಗಿದ. ಮೂಗು ಒದ್ದೆ, ಕಣ್ಣಿನ ಸುತ್ತ ಅಂಟು. ಉಸಿರಾಡಿದರೆ ಪಕ್ಕೆ ತಿದಿಯ ಹಾಗೆ ಒಳಹೊರಗೆ ಆಗುತ್ತಿತ್ತು. ಒಳಗೆ ಎಲ್ಲಿಯೋ ಚಿಟಿಚಿಟಿ ಸಪ್ಪಳ. ಮೆಂತ್ಯದ ಸೂಡು ಬಿಚ್ಚಿದ ಸಪ್ಪಳಕ್ಕೇ ಸಿಳ್ಳೆ ಹಾಕುತ್ತಿದ್ದವನು ಈಗ ಎಲೆ ಮೂಗಿಗೆ ಹಿಡಿದರೂ ಮುಖ ತಿರುವಿದ.

ಈಶಪ್ಪನ ರೋಗನಿದಾನ ಸಿದ್ಧವಾಗಿಯೇ ಇತ್ತು: ಹವೆ ಒಣಗಿದೆ, ಉಸಿರಿನ ಎಳೆ ಹರಿಯುತ್ತಿದೆ. ಇನ್ನೊಂದು ಕೊಡ ನೀರು ಹಾಕಿದ. ಮುತ್ಯಾ ಇನ್ನಷ್ಟು ಮುದುಡಿ ಕೂತ.

ರೇಣುಕವ್ವ ಮುಶಿಗೇರಿಯವಳು. ಒಣಭೂಮಿಯ ಹೆಣ್ಣುಮಗಳು, ಮಾತು ಕಡಿಮೆ, ಆಡಿದರೆ ಮತ್ತೆ ಅದಕ್ಕೆ ಮಾತು ಜೋಡಿಸುವವಳಲ್ಲ. ಮರುದಿನ ಬುಟ್ಟಿಗೆ ಹುಲ್ಲು ಹಾಕಿ, ಮುತ್ಯಾನನ್ನು ಅದರೊಳಗೆ ಇಟ್ಟು, ಮೇಲೆ ಹಳೆಯ ಸೀರೆ ಹೊದಿಸಿ ಬಸ್ಸಿಗೆಂದು ಹೊಸ್ತಿಲಲ್ಲಿ ನಿಂತಳು.

"ರೋಣಕ್ಕ ಹೊಂಟೀನ್ರಿ, ದನದ ದವಾಖಾನಿಗೆ. ಬರೂದಾದ್ರ ಬರ್ರಿ."

ಈಶಪ್ಪ ರುಮಾಲು ಸುತ್ತಿಕೊಂಡು ಹೊರಟ. ಡಾಕ್ಟರಿಗೆ ಹವೆಯ ವಿಷಯ ತಿಳಿಸಿ ಹೇಳುವವರು ಒಬ್ಬರು ಬೇಕಲ್ಲ.

ರೋಣದ ದವಾಖಾನೆಯ ಮುಂದೆ ಎಮ್ಮೆಗಳು, ಎತ್ತುಗಳು, ಬಾಲ ಕಡಿಸಿಕೊಂಡ ಒಂದು ಹೋರಿ. ಅವುಗಳ ನಡುವೆ ಬುಟ್ಟಿಯ ಮುಸುಕು ತೆಗೆದಾಗ ಕಾಯುತ್ತಿದ್ದ ಮಂದಿ ತಮ್ಮ ದನಗಳನ್ನು ಮರೆತು ಸುತ್ತುಗಟ್ಟಿದರು. ಡಾಕ್ಟರ ಅರ್ಜುನಪ್ಪನವರು ಇನ್ನೂ ಸಣ್ಣ ವಯಸ್ಸಿನವರು, ತಾಳ್ಮೆಯವರು. ಈಶಪ್ಪ ಹಾಸು, ಹೊಕ್ಕು, ಮೂಡಗಾಳಿ, ನರಗುಂದ ಎಲ್ಲವನ್ನೂ ವಿವರಿಸಿ ಮುಗಿಸುವ ತನಕ ಅವರು ಮುತ್ಯಾನ ಪಕ್ಕೆಗೆ ಎದೆ ಕೇಳುವ ನಳಿಗೆ ಹಚ್ಚಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಈಶಪ್ಪ ತನ್ನ ಮಾತನ್ನೇ ಅಷ್ಟು ಲಕ್ಷ್ಯಕೊಟ್ಟು ಕೇಳುತ್ತಿದ್ದಾರೆಂದು ತಿಳಿದ.

ಆಮೇಲೆ ಅವರು ಕೇಳಿದ್ದು ಒಂದೇ: ಇದು ಮಲಗುವುದು ಎಲ್ಲಿ?

ಈಶಪ್ಪ ಎದೆಯುಬ್ಬಿಸಿ ಹೇಳಿದ. ಡಾಕ್ಟರು ನಳಿಗೆ ಕೊರಳಿಗೆ ಹಾಕಿಕೊಂಡರು.

"ನೂಲಿಗೆ ಹಸಿ ಬೇಕು, ಖರೇ. ಎದಿಯೊಳಗಿನ ಪುಪ್ಪುಸಕ್ಕ ಬ್ಯಾಡ್ರಿ. ಇದು ಮುದುಕ ಆಗೇತಿ, ಒಳಗ ಕಫ ಕೂತೈತಿ. ಮದಲ ಕುಣಿಯಿಂದ ಮ್ಯಾಲ ತಗೀರಿ."

ಈಶಪ್ಪ ಅದನ್ನು ಕೇಳದವನಂತೆ ಸೂಜಿಯ ಸುದ್ದಿ ತೆಗೆದ. ಪೆನ್ಸಿಲಿನ್ ಬಂದು ಕೆಲವು ವರ್ಷಗಳಾಗಿದ್ದವು. ಓಣಿಯಲ್ಲಿ ಅದನ್ನು ಚುಚ್ಚಿಸಿಕೊಂಡವರು ಕುಂಡಿಯ ನೋವನ್ನು ಪದವಿಯ ಹಾಗೆ ಹೇಳಿಕೊಂಡು ತಿರುಗುತ್ತಿದ್ದರು. ಸೂಜಿ ಮಾಡದ ಡಾಕ್ಟರು ಲಾಳಿ ಇಲ್ಲದ ನೇಕಾರನ ಹಾಗೆ ಎಂಬುದು ಈಶಪ್ಪನ ಮತ. ಬೇಕಾದರೆ ದೊಡ್ಡ ಸೂಜಿಯೇ ಆಗಲಿ ಎಂದ.

"ನಿಮ್ಮ ಎತ್ತು ಆಗಿದ್ರ ಮಾಡ್ತಿದ್ದೆರಿ. ಈ ಜಾತಿಗೆ ಪೆನ್ಸಿಲಿನ್ ವಿಷ ಇದ್ದಂಗ. ಹೊಟ್ಟಿ ಕೆಟ್ಟು ಸಾಯ್ತಾವ," ಎಂದರು ಡಾಕ್ಟರು.

ಅವರು ಸಣ್ಣ ಸೀಸೆಯಲ್ಲಿ ಸಲ್ಫಾ ಔಷಧ ಕಲಸಿ ಕೊಟ್ಟರು. ಹನಿಗಳ ಪ್ರಮಾಣವನ್ನು ರೇಣುಕವ್ವನಿಗೆ ಹೇಳಿದರು. ಈಶಪ್ಪನಿಗೆ ಹೇಳಿದ್ದರೆ ಅದರಲ್ಲಿ ತಿದ್ದುಪಡಿಯಾಗುವ ಸಂಭವವಿತ್ತು. ಬಿಸಿನೀರಿನ ಅರಿವೆಯಿಂದ ಮೂಗು ಒರೆಸಬೇಕು. ತಾನಾಗಿ ತಿನ್ನದಿದ್ದರೆ ಹಸಿ ಸೊಪ್ಪು ನುಣ್ಣಗೆ ಅರೆದು, ಪೇರಲ ಹಣ್ಣೋ ನೆಲ್ಲಿಕಾಯಿಯೋ ಹಿಂಡಿ, ಬಾಯಿಯ ಪಕ್ಕದಿಂದ ತುಸು ತುಸುವೇ ಕುಡಿಸಬೇಕು. ಅಂಗಾತ ಮಲಗಿಸಿ ಕುಡಿಸಕೂಡದು. ಪುಪ್ಪುಸಕ್ಕೆ ಹೋದರೆ ಕೆಲಸ ಕೆಟ್ಟಿತು. ಉಪವಾಸ ಕೆಡವಬಾರದು, ಈ ಪ್ರಾಣಿಯ ಕರುಳು ನಿಂತರೆ ಮತ್ತೆ ಹೊರಡುವುದು ಕಷ್ಟ. ಎಲ್ಲಕ್ಕಿಂತ ಮುಖ್ಯ ಜಾಗ: ಒಣ, ಬೆಚ್ಚಗೆ, ಹೊಗೆ ಧೂಳು ಇಲ್ಲದ್ದು.

ಬಸ್ಸಿನಲ್ಲಿ ಬರುವಾಗ ಈಶಪ್ಪ ಕಿಟಕಿಯಾಚೆಯ ಕರಿಭೂಮಿಯನ್ನು ನೋಡುತ್ತ ಕೂತ. ರೇಣುಕವ್ವ ಅಂಥ ಜಾಗ ನಮ್ಮಲ್ಲಿ ಎಲ್ಲಿದೆ ಎಂದು ಒಮ್ಮೆ ಕೇಳಿದಳು. ಮನೆಯೆಂದರೆ ಉದ್ದನೆಯ ಒಂದು ಖೋಲಿ. ಮುಂದಿನ ಅರ್ಧ ಮಗ್ಗ, ಅಲ್ಲಿ ನೆಲವೆಲ್ಲ ತಂಪು. ಹಿಂದಿನ ಅರ್ಧ ಅಡಿಗೆ, ಅಲ್ಲಿ ಹೊಗೆ. ಓಣಿಯಲ್ಲಿ ಒಣಗಿ ಬೆಚ್ಚಗಿದ್ದ ಜಾಗ ಒಂದೇ ಒಂದು. ಅದು ಇಬ್ಬರಿಗೂ ಗೊತ್ತಿತ್ತು. ಹೆಸರು ಹೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಅದು ನೂಲಿನ ವ್ಯಾಪಾರಿ ಗುರುಸಂಗಪ್ಪನ ಅಂಗಡಿಯ ಮೇಲಿನ ಅಟ್ಟ. ಹಲಗೆ ನೆಲ, ತೆಂಕಣ ಬೆಳಕಿಂಡಿ. ಅಲ್ಲಿ ಅವನು ನೂಲಿನ ಗಂಟುಗಳನ್ನು ಒಟ್ಟಿಡುತ್ತಿದ್ದ. ಈಶಪ್ಪ ಹಿಂದೊಮ್ಮೆ ನಾಲ್ಕು ಮಂದಿಯ ಎದುರು, ಆ ಒಣ ಅಟ್ಟದಲ್ಲಿ ಇಟ್ಟ ನೂಲು ಸತ್ತ ನೂಲು, ಮಗ್ಗಕ್ಕೆ ಏರಿಸಿದರೆ ಹರಿಯುತ್ತದೆ ಎಂದು ತೀರ್ಪು ಕೊಟ್ಟಿದ್ದ. ನೂಲು ಚಲೋ ಇದೆ, ನೇಯುವ ಕೈ ಹರಕು ಎಂದು ಗುರುಸಂಗಪ್ಪ ಅಷ್ಟೇ ಮಂದಿಯ ಎದುರು ತಿರುಗಿ ಹೇಳಿದ್ದ. ಅಂದಿನಿಂದ ಅವರಲ್ಲಿ ಮಾತಿಲ್ಲ. ಒಬ್ಬ ಎದುರು ಬಂದರೆ ಇನ್ನೊಬ್ಬನಿಗೆ ಗುಡ್ಡದ ಮೇಲಿನ ಕೋಟೆಯಲ್ಲಿ ನೋಡಬೇಕಾದದ್ದು ಏನೋ ಕಾಣುತ್ತಿತ್ತು.

ಮನೆಗೆ ಬಂದ ಮೇಲೆ ರೇಣುಕವ್ವ ಬುಟ್ಟಿಯನ್ನು ಮಗ್ಗ ಮತ್ತು ಒಲೆಯ ನಡುವೆ ಇಟ್ಟಳು. ಔಷಧ ಹಾಕಿದಳು, ಮೂಗು ಒರೆಸಿದಳು, ಹಸುಗೂಸಿಗೆ ಹಾಲು ಕುಡಿಸುವ ಒಳಲೆಯಿಂದ ಸೊಪ್ಪಿನ ರಸ ಕುಡಿಸಿದಳು. ಮುತ್ಯಾ ಒಂದಿಷ್ಟು ನುಂಗಿ, ಒಂದಿಷ್ಟು ಅವಳ ಬೆರಳ ಮೇಲೆ ಬಿಟ್ಟ. ಒಲೆ ಹೊತ್ತಿಸಿದರೆ ಸೀನುತ್ತಿದ್ದ. ಆರಿಸಿದರೆ ಮಗ್ಗದ ಕಡೆಯ ತಂಪಿಗೆ ನಡುಗುತ್ತಿದ್ದ.

ಈಶಪ್ಪ ಮಗ್ಗಕ್ಕೆ ಕೂತ. ಲಾಳಿ ಒಗೆದ, ಆ ಕಡೆ ಮುಟ್ಟಿತು. ಆಮೇಲೆ ಕೈ ನಿಂತಿತು. ಬುಟ್ಟಿಯೊಳಗಿನ ಚಿಟಿಚಿಟಿ ಕೇಳಿಸಿತು. ಮತ್ತೆ ಒಗೆದ. ಈಗ ಅವನು ಲಾಳಿಗಾಗಿ ಅಲ್ಲ, ಎರಡು ಒಗೆತಗಳ ನಡುವಿನ ಆ ಸಪ್ಪಳಕ್ಕಾಗಿ ನೇಯುತ್ತಿದ್ದ. ಅದು ಇದೆಯೇ? ಇದೆ. ಈಗ? ಇದೆ. ಒಮ್ಮೆ ತಡವಾಯಿತು. ಖೋಲಿಯ ಗಾಳಿಯೆಲ್ಲ ಉಸಿರು ಹಿಡಿದು ನಿಂತಂತಾಯಿತು. ನೀಲಿ ಹಾಸು ದಂಡೆ ಕಾಣದ ನೀರಿನ ಹಾಗೆ ದೂರ ಸರಿಯಿತು. ಕಾಲುಗಳು ಕುಣಿಯೊಳಗೆ ತಮ್ಮಷ್ಟಕ್ಕೆ ತಾವೇ ಏನನ್ನೋ ಹುಡುಕಿದವು. ತಣ್ಣನೆಯ ಮಣ್ಣು, ತಣ್ಣನೆಯ ಹಲಗೆ. ಆಮೇಲೆ ಬುಟ್ಟಿಯಲ್ಲಿ ಉಸಿರು ಮತ್ತೆ ಹೊರಟಿತು, ದಿಬ್ಬ ಹತ್ತುವ ಚಕ್ಕಡಿಯ ಹಾಗೆ.

ಈಶಪ್ಪ ಕುಣಿಯಿಂದ ಎದ್ದ. ರುಮಾಲು ಸುತ್ತಿಕೊಂಡ; ಬಿಚ್ಚಿ, ಇನ್ನೂ ಬಿಗಿಯಾಗಿ ಸುತ್ತಿಕೊಂಡ. ಬುಟ್ಟಿ ಎತ್ತಿಕೊಂಡು ಹೊರಬಿದ್ದ. ರೇಣುಕವ್ವ ಒಳಲೆ, ಸೀಸೆ ತೆಗೆದುಕೊಂಡು ಹಿಂದೆ ಬಂದು, ಅಂಗಡಿಯ ಕಟ್ಟೆಯ ಆಚೆಗೇ ನಿಂತಳು. ಗಂಡನ ಮಾನ ಹೋಗುವುದಾದರೆ ತನ್ನ ಎದುರಿಗೆ ಹೋಗಬಾರದೆಂದು ಇರಬೇಕು.

ಅಂಗಡಿಯಲ್ಲಿ ಗುರುಸಂಗಪ್ಪ ಒಬ್ಬನೇ ಇದ್ದ. ಈಶಪ್ಪ ಒಳಗೆ ಬಂದವನೇ ಹವೆಯ ಮೇಲೆ ಉಪನ್ಯಾಸ ಸುರುಮಾಡಿದ. ಒಣ ಹವೆಯಿಂದ ಲೋಕಕ್ಕೆ ಕೇಡೇ ಹೆಚ್ಚು. ಆದರೂ ತಿಳಿದವನು ಎಲ್ಲವನ್ನೂ ಪರೀಕ್ಷೆ ಮಾಡಿ ನೋಡಬೇಕು. ಆ ದೃಷ್ಟಿಯಿಂದ, ಬರೀ ಪರೀಕ್ಷೆಗಾಗಿ, ಒಂದು ಪ್ರಾಣಿಯನ್ನು ಕೆಲವು ದಿನ ಒಣ ಅಟ್ಟದಲ್ಲಿ ಇಟ್ಟು ನೋಡಿದರೆ ಹೇಗೆ? ಇದರಿಂದ ಅಟ್ಟಕ್ಕೂ ಒಂದು ಹೆಸರು ಬಂದೀತು.

ಗುರುಸಂಗಪ್ಪ ಬುಟ್ಟಿಯೊಳಗೆ ಬಗ್ಗಿ ನೋಡಿದ. ಮುತ್ಯಾ ಇಬ್ಬರನ್ನೂ ಲೆಕ್ಕಿಸದೆ ಒಂದೊಂದೇ ಉಸಿರನ್ನು ಎಳೆಯುತ್ತಿದ್ದ. ವ್ಯಾಪಾರಿ ಗಾದಿಗೆ ಒರಗಿ ಕೂತ. ಇಷ್ಟು ದಿನ ಕಾಯ್ದ ಗಳಿಗೆ. ಲಗೂ ಮುಗಿಸಲು ಮನಸ್ಸಿರಲಿಲ್ಲ.

"ಅಟ್ಟ ಕೊಡಾಕ ನನಗೇನಪಾ. ನೂಲು ಚಲೋ ಇತ್ತು ಅಂತ ಒಂದ ಮಾತು ಅಂದುಬಿಡು."

ಈಶಪ್ಪನ ಮೂಗಿನ ತುದಿ ಕೆಂಪಾಯಿತು. ಬಾಯಿ ತೆರೆದ, ನರಗುಂದ, ಮೂಡಗಾಳಿ, ಅಪ್ಪ ಅಜ್ಜ ಎಲ್ಲರೂ ನಾಲಿಗೆಯ ತುದಿಗೆ ಬಂದು ನಿಂತರು. ಬುಟ್ಟಿಯಲ್ಲಿ ಉಸಿರು ಒಮ್ಮೆ ತೊಡರಿತು.

"ನೂಲು ಚಲೋ ಇತ್ರಿ ಸಾವಕಾರ್ರ," ಎಂದ ಈಶಪ್ಪ.

ಅಷ್ಟೇ. ಹಿಂದೆ ಮುಂದೆ ಯಾವ ವಿವರಣೆಯೂ ಇಲ್ಲದೆ ಅವನು ಆಡಿದ ಮೊದಲ ಮಾತು ಅದಾಗಿರಬೇಕು. ಗುರುಸಂಗಪ್ಪ ಸುತ್ತಲೂ ನೋಡಿದ. ಬೈಸಿಕೊಂಡಾಗ ನಾಲ್ಕು ಮಂದಿ ನೆರೆದಿದ್ದರು. ಗೆದ್ದಾಗ ಒಂದು ನರಪಿಳ್ಳೆ ಇರಲಿಲ್ಲ. ಅದಕ್ಕಿಂತ ಕಷ್ಟದ ಸಂಗತಿಯೆಂದರೆ ಗೆದ್ದದ್ದರಲ್ಲಿ ಎಣಿಸಿದಷ್ಟು ಸುಖವಿರಲಿಲ್ಲ. ಎದುರಿಗೆ ನಿಂತವನು ರುಮಾಲಿನೊಳಗೆ ಸಣ್ಣವನಾಗಿ ಕಾಣುತ್ತಿದ್ದ.

"ಎಲ್ಲಾ ಏನ್ ಚಲೋ ಇದ್ದಿಲ್ಲ ಬಿಡು," ಎಂದ ಗುರುಸಂಗಪ್ಪ ಗಂಟಲು ಸರಿಮಾಡಿಕೊಂಡು. "ಆ ಗಂಟಿನಾಗ ಒಂದೆರಡು ಲಡಿ ಕಚ್ಚಾ ಇದ್ದುವು."

ಅವನೇ ಬುಟ್ಟಿ ಹೊತ್ತು ಏಣಿ ಹತ್ತಿದ. ನೂಲಿನ ಗಂಟುಗಳನ್ನು ದೂರದ ಗೋಡೆಗೆ ಸರಿಸಿ, ಅರಿವೆ ಮುಚ್ಚಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರು. ಬೆಳಕಿಂಡಿಯಿಂದ ಗಾಳಿ ನೇರವಾಗಿ ತಾಗದ, ಬಿಸಿಲು ಮಾತ್ರ ಬಂದು ಬೀಳುವ ಕಡೆ ಬುಟ್ಟಿ ಇಟ್ಟರು. ರೇಣುಕವ್ವ ದಿನವೂ ಹುಲ್ಲು ಬದಲಿಸಿದಳು, ಹನಿ ತಪ್ಪಿಸಲಿಲ್ಲ. ಗಂಡಸರಿಬ್ಬರೂ ಬುಟ್ಟಿ ಒಂದು ಬೆರಳಿನಷ್ಟು ಆ ಕಡೆ ಇರಬೇಕೋ ಈ ಕಡೆಯೋ ಎಂದು ವಾದಿಸಿದರು. ಅದೂ ಒಂದು ಚಿಕಿತ್ಸೆಯೇ. ರೋಗಿಗೆ ಅದರಿಂದ ಉಪಕಾರವಾಗದಿದ್ದರೂ ವೈದ್ಯರಿಗೆ ಆಯಿತು.

ಮೊದಲು ಕಣ್ಣಿನ ಅಂಟು ಹೋಯಿತು. ಆಮೇಲೆ ಒಂದು ಮುಂಜಾನೆ ಮುತ್ಯಾ ಪೇರಲ ಹಣ್ಣಿನ ಸಿಪ್ಪೆಯನ್ನು ತಾನಾಗಿ ಕಚ್ಚಿ ಎಳೆದ. ಪಕ್ಕೆಯ ಏರಿಳಿತ ನಿಧಾನವಾಯಿತು. ಒಳಗಿನ ಚಿಟಿಚಿಟಿ ಪೂರ್ತಿ ನಿಲ್ಲಲಿಲ್ಲ. ಮುದಿ ಎದೆ, ಅಷ್ಟು ಉಳಿಯುತ್ತದೆ, ಆದರೆ ಇನ್ನು ಕುಣಿಗೆ ಮಾತ್ರ ಇಳಿಸಬೇಡಿ ಎಂದು ಅರ್ಜುನಪ್ಪನವರು ಎರಡನೆಯ ಸಲ ನೋಡಿದಾಗ ಹೇಳಿದರು.

ಹೀಗೆ ಮುತ್ಯಾ ಉಳಿದ. ಈಶಪ್ಪನ ಕಾಲಬುಡದಲ್ಲಿ ಉಳಿಯಲಿಲ್ಲ. ಈಶಪ್ಪ ಮುಂಜಾನೆಯಿಂದ ನೇಯುತ್ತಿದ್ದ. ಸೂರ್ಯ ನೆತ್ತಿಯಿಂದ ಜಾರುವ ಹೊತ್ತಿಗೆ ಲಾಳಿ ಕೆಳಗಿಟ್ಟು, ನೂಲು ನೋಡುವ ನೆವದಿಂದ ಅಂಗಡಿಗೆ ಹೋಗಿ, ಏಣಿ ಹತ್ತುತ್ತಿದ್ದ. ಬಿಸಿಲಿನ ಚೌಕಟ್ಟಿನಲ್ಲಿ ಕಾಲು ಚಾಚಿ ಕೂತರೆ ಹಿಮ್ಮಡಿಗೆ ಆ ಹಳೆಯ ಬಿಸುಪು ಒರಗುತ್ತಿತ್ತು. ಗಂಟುಗಳಲ್ಲಿ ಇನ್ನೂ ಸೀರೆಯಾಗದ ನೂಲು, ಸೀರೆಯಾಗುವ ಅವಸರವೂ ಇಲ್ಲದೆ, ಬಿಳಿ ಮೋಡಗಳ ಹಾಗೆ ಮಲಗಿರುತ್ತಿತ್ತು. ಒಣ ಹವೆಯ ಮೇಲೆ ಏನಾದರೂ ಹೇಳಬೇಕೆಂದು ಅವನು ಬಾಯಿ ತೆರೆಯುತ್ತಿದ್ದ. ಹಾಗೆಯೇ ಕಣ್ಣುಗಳು ಮುಚ್ಚಿಹೋಗುತ್ತಿದ್ದವು.

ಕೆಳಗೆ ಗುರುಸಂಗಪ್ಪ ತಕ್ಕಡಿಯ ತಟ್ಟೆಗಳು ಬಡಿಯದಂತೆ ಕೈ ಅಡ್ಡ ಹಿಡಿದು ತೂಗುತ್ತಿದ್ದ. ಗಿರಾಕಿಯೊಬ್ಬ ದರದ ಮೇಲೆ ದನಿ ಏರಿಸಿದರೆ ಬೆರಳಿನಿಂದ ಅಟ್ಟವನ್ನು ತೋರಿಸಿ ಹೇಳುತ್ತಿದ್ದ:

"ಸಾವಕಾಶ ಮಾತಾಡ್ರಿ. ಮ್ಯಾಲ ಮಂದಿ ಮಲಗ್ಯಾರ."