ನೀರಿಗಿಳಿದ ದೊರೆ

ಈಜುಕೊಳದ ಮಕ್ಕಳೆಲ್ಲ ಅವಳನ್ನು ಸೀಟಿ ಟೀಚರ್ ಅಂತಲೇ ಕರೆಯುತ್ತಿದ್ದರು. ದಂಡೆಯ ಮೇಲೆ ನಿಂತು ಅವಳು ಒಂದು ಸೀಟಿ ಊದಿದರೆ ಸಾಕು, ನೀರೆರಚಾಡುತ್ತಿದ್ದ ಪೋಕರಿಗಳೂ ಬಾಲ ಮುದುರಿಕೊಂಡು ಸಾಲಿಗೆ ಬರುತ್ತಿದ್ದರು. ಮನೆಯಲ್ಲಿ ಮಾತ್ರ ಅವಳ ಸೀಟಿ ನಡೆಯುತ್ತಿರಲಿಲ್ಲ. ಅಲ್ಲಿ ದೊರೆಯದೇ ದರ್ಬಾರು.

ದೊರೆ ಅಂದರೆ ಅವಳ ಮಗ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಮಾತು ಬರಲಿಲ್ಲ, ಕಾಲು ಊರಲಿಲ್ಲ. ಮೈಯೆಲ್ಲ ಹುರಿಗೊಳಿಸಿದ ಹಗ್ಗದಂತೆ ಬಿಗಿ. ಎಡಗೈಯ ಮುಷ್ಟಿಯಂತೂ ಹೆಬ್ಬೆರಳನ್ನು ಒಳಗೆ ಅದುಮಿಕೊಂಡು ಸದಾ ಮುಚ್ಚಿಯೇ ಇರುತ್ತಿತ್ತು. ಹೊತ್ತುಕೊಂಡೇ ತಿರುಗಿಸಬೇಕು, ಬಾಯಿಗೇ ತುತ್ತಿಡಬೇಕು, ಇವನು ದೊರೆಯಲ್ಲದೆ ಇನ್ನೇನು ಅಂತ ಅವನಪ್ಪ ತಮಾಷೆಗೆ ಇಟ್ಟ ಹೆಸರು ಅದು. ಆ ಅಪ್ಪ ಎದೆನೋವು ಬಂದು ದಿಢೀರನೆ ಹೋದ ಮೇಲೆ, ಮೀಸೆ ಮೂಡಿದ ಮಗನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಬಚ್ಚಲಿಗೆ ಅವಳೊಬ್ಬಳೇ ಎತ್ತಬೇಕಾಯಿತು.

ಸೊಂಟನೋವನ್ನು ಹೇಗೋ ತಡೆದುಕೊಳ್ಳುತ್ತಿದ್ದಳು. ತಡೆಯಲಾಗದ್ದು ತಲೆಯೊಳಗೆ ತಿರುಗುತ್ತಿದ್ದ ಗಿರಣಿ. ನಾನು ಸತ್ತರೆ ಇವನನ್ನು ಎತ್ತುವವರು ಯಾರು? ನಾನು ಬಿದ್ದರೆ? ಇಂಥವರನ್ನು ಅಲ್ಲೇ ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಕೇಂದ್ರದವರು ಫೋನ್ ಮಾಡಿ, "ಒಂದು ಜಾಗ ಖಾಲಿ ಇದೆ, ಬೇಗ ಹೇಳ್ಬಿಡಿ" ಅಂದ ದಿನದಿಂದ ಆ ಗಿರಣಿ ನಿಲ್ಲಲೇ ಇಲ್ಲ. ಅಲ್ಲಿಗೆ ಬಿಟ್ಟರೆ ಪಾಪಿ, ಬಿಡದಿದ್ದರೆ ಮುಠ್ಠಾಳಿ. ಒಂದು ಬೆಳಿಗ್ಗೆ, ಎಂದಿನಂತೆ ಪಕ್ಕದ ಮನೆಯಜ್ಜಿಯನ್ನು ದೊರೆಯ ಹತ್ತಿರ ಕೂರಿಸಿ ಕೆಲಸಕ್ಕೆ ಹೊರಟವಳು ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು. ಇನ್ನೊಂದನ್ನು ಮೆಟ್ಟಬೇಕೆಂಬುದೇ ಹೊಳೆಯಲಿಲ್ಲ.

ಹಿಂದಿನ ಬೀದಿಯ ನಾದಿನಿ ಬಂದಾಗಲೂ ಹಾಗೇ ಕೂತಿದ್ದಳು. ನಾದಿನಿ ಟೈಲರ್. ಬಾಯಿ ಜೋರು. ಪಕ್ಕದ ಮನೆಯವರ ಜೊತೆ ಹೇಗೋ, ದೇವರ ಜೊತೆಗೂ ಹಾಗೇ ಮಾತಾಡುವವಳು. ಅಂದು ಸಂಜೆ ಗಂಡನನ್ನು ದೊರೆಯ ಪಕ್ಕ ಕೂರಿಸಿ, ಅತ್ತಿಗೆಯ ಕೈ ಹಿಡಿದುಕೊಂಡು ಬೀದಿಯ ಕೊನೆಯ ಪ್ರಾರ್ಥನಾ ಮಂದಿರಕ್ಕೆ ನಡೆದಳು.

ಹಿಂದಿನ ಬೆಂಚಿನಲ್ಲಿ ಟೀಚರ್ ಬಹಳ ಹೊತ್ತು ಕಣ್ಣು ಮುಚ್ಚಿ ಕೂತಳು. ಕೊನೆಗೆ, "ಏನೂ ಬರ್ತಿಲ್ಲ ಕಣೇ. ದೇವ್ರೇ ಅನ್ನೋಕೂ ಆಗ್ತಿಲ್ಲ" ಅಂದಳು.

"ಬರದಿದ್ರೆ ಬಿಡಿ ಅತ್ತಿಗೆ. ನಿಮ್ಮ ಪಾಲಿಂದೂ ನಾನೇ ಹೇಳ್ತೀನಿ. ನೀವು ಸುಮ್ನೆ ಕೂತ್ಕೊಳ್ಳಿ."

"ಆ ಕೇಂದ್ರದವರಿಗೆ ಏನು ಹೇಳ್ಲಿ?"

"ಈಗ ಏನೂ ಹೇಳ್ಬೇಡಿ. ಇಷ್ಟು ಸುಸ್ತಾಗಿರೋವಾಗ ಕತ್ತರಿ ಹಿಡಿದ್ರೆ ಬಟ್ಟೆ ಹಾಳಾಗುತ್ತೆ ಅಷ್ಟೆ. ನಮ್ಮಮ್ಮ ಏನು ಮಾಡ್ತಿದ್ರು, ಮರ್ತ್ರಾ? ಕೈಲಾಗದಿದ್ದಾಗ ದೇವರ ಹತ್ರ ದಾರಿ ಕೇಳ್ತಾನೇ ಇರ್ಲಿಲ್ಲ. ಮೊದ್ಲು ಕೂರೋಕೆ ಜಾಗ ಕೊಡು ಅಂತಿದ್ರು. ಆಮೇಲೆ ದಿನಾ ಬೆಳಿಗ್ಗೆ, ಇವತ್ತಿಗೆ ಒಂದು ಕೆಲ್ಸ ಹೇಳಪ್ಪಾ ಅನ್ನೋದು. ಒಂದೇ! ನಾಳೇದು ಕೇಳಿದ್ರೆ ಅವನಿಗೆ ಕಿವಿ ಕೇಳ್ಸಲ್ಲ."

ಟೀಚರ್ ಮುಖದಲ್ಲಿ ನಗು ಸುಳಿಯಿತು. ನಾದಿನಿ ಅಷ್ಟಕ್ಕೇ ಬಿಡಲಿಲ್ಲ. "ಇನ್ಮೇಲೆ ಭಾನುವಾರ ದೊರೆ ನಮ್ಮನೇಲಿ. ನಮ್ಮ ಯಜಮಾನ್ರು ಎತ್ತಲಿ, ಆ ಹೊಟ್ಟೆನಾದ್ರೂ ಕರಗುತ್ತೆ."

ಮೊದಲ ಭಾನುವಾರ ಟೀಚರ್ ಹೆಣದ ಹಾಗೆ ಮಲಗಿದಳು. ಎದ್ದಾಗ ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಏನೋ ಕದ್ದವಳಂತೆ ಗಾಬರಿಯಾಗಿ, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಬೆಳಗಿನ ಹೊತ್ತು ದೇವರಲ್ಲಿ ಒಂದು ಕೆಲಸ ಕೇಳುವುದನ್ನೂ ಶುರುಮಾಡಿದಳು. ಆಕಾಶವಾಣಿಯೇನೂ ಆಗಲಿಲ್ಲ. ಕಿಟಕಿ ಒರೆಸು. ಅಕ್ಕನಿಗೆ ಫೋನ್ ಮಾಡು. ಇಂಥವೇ ಮನಸ್ಸಿಗೆ ಬರುತ್ತಿದ್ದವು. ಬಂದದ್ದನ್ನು ಮಾಡಿದಳು. ಗಿರಣಿಯ ಸದ್ದು ದಿನೇ ದಿನೇ ತಗ್ಗತೊಡಗಿತು.

ಹೀಗಿರುವಾಗ ಒಂದು ಬೆಳಿಗ್ಗೆ ಬಂದ ಮಾತಿಗೆ ಅವಳು ಬೆಚ್ಚಿಬಿದ್ದಳು. ದೊರೆಯನ್ನು ನೀರಿಗಿಳಿಸು.

"ಇದು ನಿನ್ನ ಮಾತೋ, ನನ್ನ ಹುಚ್ಚೋ?" ಅಂತ ಗಟ್ಟಿಯಾಗಿಯೇ ಕೇಳಿದಳು. ಚಿಕ್ಕವನಿದ್ದಾಗ ಒಮ್ಮೆ ಕೊಳದ ನೀರು ಮೂಗಿಗೆ ಹೋಗಿ ಅವನ ತುಟಿ ನೀಲಿಗಟ್ಟಿತ್ತು. ಅಂದಿನಿಂದ ಸ್ನಾನದ ಚೊಂಬು ಕಂಡರೂ ಕಿರುಚುವವನು ಅವನು. ವೈದ್ಯರನ್ನು ಕೇಳಿದಳು. ಮಕ್ಕಳ ಬಿಸಿನೀರಿನ ಕೊಳವಾದರೆ, ಅವಳೇ ಹಿಡಿದುಕೊಂಡಿದ್ದರೆ ಭಯವಿಲ್ಲ ಅಂದರು. ನಾದಿನಿಯನ್ನು ಕೇಳಿದಳು. ನಾದಿನಿ ಹೊಲಿಯುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟು, "ಜೊತೆಗೆ ನಾನಿರ್ತೀನಿ" ಅಂದಳು, ಅಷ್ಟೇ.

ಭಾನುವಾರ ಮಧ್ಯಾಹ್ನ ಕೊಳಕ್ಕೆ ರಜೆ. ಪಂಪು ನೋಡಿಕೊಳ್ಳುವಾತ ಪಕ್ಕದ ಬಾಗಿಲು ತೆರೆದುಕೊಟ್ಟ. ನಾದಿನಿಯ ಗಂಡ ದೊರೆಯನ್ನು ಎತ್ತಿ ತಂದು, ನೀರಲ್ಲಿ ನಿಂತಿದ್ದ ಟೀಚರ್ ತೋಳಿಗೆ ಇಳಿಸಿದ. ಪಾದ ನೀರಿಗೆ ತಾಗಿದ್ದೇ ತಡ, ಅವನ ಕಿರುಚಾಟಕ್ಕೆ ಗೋಡೆಯ ಹೆಂಚುಗಳೆಲ್ಲ ಮಾರ್ದನಿಗೊಟ್ಟವು. ಅವಳು ಅವನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು, "ಇಲ್ಲೇ ಇದೀನಿ ಮಗನೇ, ಇಲ್ಲೇ ಇದೀನಿ" ಅನ್ನುತ್ತಾ ಮೆಲ್ಲಗೆ ಹಿಂದಕ್ಕೆ ಹೆಜ್ಜೆಯಿಟ್ಟಳು. ಮೊಣಕಾಲು, ಸೊಂಟ, ಎದೆ.

ಕಿರುಚಾಟ ಅರ್ಧಕ್ಕೇ ನಿಂತಿತು.

ಅವನ ಭಾರ ಅವಳ ತೋಳುಗಳಿಗೆ ಕಂಠಪಾಠವಾಗಿತ್ತು. ಆ ಭಾರ ಈಗ ಇರಲಿಲ್ಲ. ಒಂದಕ್ಕೊಂದು ಹೆಣೆದುಕೊಂಡಿದ್ದ ಕಾಲುಗಳು ತಾವಾಗಿಯೇ ಬೇರೆಯಾಗಿ ತೇಲಿದವು. ಆಮೇಲೆ ಎಡಗೈ ಮುಷ್ಟಿ ಸಡಿಲಿತು. ಹೆಬ್ಬೆರಳು ಹೊರಗೆ ಬಂತು, ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಮಗನ ಆ ಅಂಗೈ ತಾನಾಗಿ ಅರಳಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಎಳೆಗೂಸಿನ ಅಂಗೈಯಂತೆ ನಸುಗೆಂಪಗಿತ್ತು. ಅವನು ಚಾವಣಿಯ ಮೇಲೆ ಕುಣಿಯುತ್ತಿದ್ದ ನೀರಿನ ಬೆಳಕನ್ನು ಕಣ್ಣರಳಿಸಿ ನೋಡುತ್ತಾ, ಎದೆಯಾಳದಿಂದ ಉದ್ದನೆಯ ದನಿಯೊಂದನ್ನು ಹೊರಡಿಸಿದ.

ಪಂಪಿನವ ತಲೆಯ ಟೋಪಿ ತೆಗೆದು ನಿಂತ. ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಟೀಚರಿಗೆ ತನ್ನ ಕೈಯ ಕೆಳಗೆ ಇನ್ನಾರದೋ ಕೈ ಇದ್ದಂತೆ ಅನ್ನಿಸಿ, ತಡವಿಯೂ ನೋಡಿದಳು. ನೀರಷ್ಟೇ. ಅಂದು ಮಂದಿರದ ಬೆಂಚಿನಲ್ಲಿ ಬಾರದಿದ್ದ ಪ್ರಾರ್ಥನೆ "ಅಬ್ಬಾ" ಎಂಬ ಒಂದೇ ಮಾತಾಗಿ ಅವಳ ಬಾಯಿಂದ ಬಿತ್ತು.

ಟವೆಲ್ ಸುತ್ತುವಷ್ಟರಲ್ಲಿ ಮುಷ್ಟಿ ಮತ್ತೆ ಮುಚ್ಚಿಕೊಂಡಿತು. ಕಾಯಿಲೆ ವಾಸಿಯಾಗಲಿಲ್ಲ, ಆಗುವಂಥದ್ದೂ ಅಲ್ಲ. ಆದರೆ ಆ ವಾರ ಅವಳು ತಿಳಿಯಾದ ಮನಸ್ಸಿನಿಂದ ಕೇಂದ್ರದವರಿಗೆ ಫೋನ್ ಮಾಡಿ, ಹಗಲು ಮಾತ್ರ ನೋಡಿಕೊಳ್ಳುತ್ತೀರಾ ಅಂತ ಕೇಳಿದಳು. ಆ ವ್ಯವಸ್ಥೆಯೂ ಅವರಲ್ಲಿತ್ತು. ದಣಿದ ತಲೆಗೆ ಕೇಳಬೇಕೆಂದೇ ಹೊಳೆದಿರಲಿಲ್ಲ. ಈಗ ದೊರೆ ಹಗಲು ಅಲ್ಲಿ, ಸಂಜೆ ಅಮ್ಮನ ಹತ್ತಿರ, ಭಾನುವಾರ ನೀರಿನಲ್ಲಿ. ಅವನಂಥ ಮಕ್ಕಳನ್ನು ಎತ್ತಿಕೊಂಡು ಬೇರೆ ತಾಯಂದಿರೂ ಕೊಳಕ್ಕೆ ಬರುತ್ತಾರೆ.

ಮುಂದೇನು ಅಂತ ಅವಳು ಈಗಲೂ ಕೇಳುವುದಿಲ್ಲ. ಇವತ್ತೇನು ಅಂತಷ್ಟೇ ಕೇಳುತ್ತಾಳೆ. ಕೆಲವು ಬೆಳಿಗ್ಗೆ ಉತ್ತರವೇ ಬರುವುದಿಲ್ಲ. ಅಂಥ ದಿನ ಹಾಸಿಗೆ ಮಡಿಚಿಟ್ಟು, ಚಹಾಕ್ಕೆ ನೀರಿಡುತ್ತಾಳೆ.