ರೆಕಾರ್ಡ್ ರೂಮಿನ ಗಿರಿಜಮ್ಮ

ಗಿರಿಜಮ್ಮನವರಿಗೆ ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ, ನಂಬರು ಮರೆಯುತ್ತಿರಲಿಲ್ಲ. ಮಾಗಡಿ ರಸ್ತೆಯ ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸನ್ನು ನೋಡಿದ್ದೇ ನನ್ನ ಕಿವಿಯ ಹತ್ತಿರ ಬಗ್ಗಿ, "ನಾಲ್ಕು ಸಾವಿರದ ಹನ್ನೆರಡು ಕಣೇ" ಎನ್ನುತ್ತಿದ್ದರು. ಅವರಿಗೆ ಏನಾಗಿತ್ತು ಎಂದು ಕೇಳಿದರೆ ಮುಖ ಗಂಟಿಕ್ಕುತ್ತಿದ್ದರು. "ಕಾಯಿಲೆ ಅವರದ್ದು. ನಂಬರ್ ಅಷ್ಟೇ ನಮ್ದು."

ಎಪ್ಪತ್ತರ ದಶಕದ ಮೊದಲ ವರ್ಷಗಳು. ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಫೈಲುಗಳನ್ನು ಕಾಪಾಡುವ ಕೋಣೆಗೆ ನಾನು ಹೊಸದಾಗಿ ಸೇರಿದ್ದೆ. ಗಿರಿಜಮ್ಮ ಅಲ್ಲಿನ ಮುಖ್ಯಸ್ಥೆ. ಚಿತ್ರದುರ್ಗದ ಕಡೆಯವರು, ನಲವತ್ತು ದಾಟಿದ್ದರು, ಮದುವೆಯಾಗಿರಲಿಲ್ಲ. ಹಣೆಯ ವಿಭೂತಿ ಸಂಜೆಯವರೆಗೂ ಅಳಿಸುತ್ತಿರಲಿಲ್ಲ. ಯಾವ ತಿಂಗಳು ಯಾವ ಬಡಾವಣೆಯಿಂದ ಎಷ್ಟು ಜನ ವಾಂತಿಭೇದಿಯೆಂದು ಬಂದರು, ಎಷ್ಟು ಜನ ಉಳಿದರು ಎಂದು ದೊಡ್ಡ ಹಾಳೆಯಲ್ಲಿ ಮನೆ ಹಾಕಿ ಬರೆಯುವುದು ಅವರ ಪ್ರೀತಿಯ ಕೆಲಸ. ಆ ವಯಸ್ಸಿನಲ್ಲಿ ಅಂಚೆಯ ಮೂಲಕ ಸಂಖ್ಯಾಶಾಸ್ತ್ರ ಕಲಿಯುತ್ತಿದ್ದರು. ಊಟದ ಡಬ್ಬಿ ಮುಚ್ಚಿದ ಕೂಡಲೇ ಪಾಠದ ಹಾಳೆ ತೆರೆಯುತ್ತಿದ್ದರು. "ಇವತ್ತು ಏನೂ ಕಲೀಲಿಲ್ಲ ಅಂದ್ರೆ ರಾತ್ರಿ ನಿದ್ದೆ ಬರಲ್ಲ ಕಣೇ ಸರಳಾ" ಎನ್ನುತ್ತಿದ್ದರು.

ಭಾನುವಾರ ಬಸವೇಶ್ವರನಗರದ ಖಾಲಿ ಸೈಟಿನಲ್ಲಿ ಸೀರೆಯನ್ನು ಕಚ್ಚೆ ಕಟ್ಟಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರು. ಹಳದಿ ಉಣ್ಣೆಯ ಚೆಂಡನ್ನು ಅವರು ಬಾರಿಸಿದರೆ ಎದುರಿಗಿದ್ದ ಬ್ಯಾಂಕಿನ ಗಂಡಸರೇ ಹಿಂದೆ ಸರಿಯುತ್ತಿದ್ದರು. ಮೊದಲ ಸಲ ನೋಡಿದ ನನ್ನ ಅಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟಿದ್ದರು.

ಅದೊಂದು ಸೋಮವಾರ ಆರು ತಿಂಗಳ ಬಸುರಿ ಜಯಮ್ಮ ಜ್ವರವೆಂದು ಬಂದಳು. ಕಾಮಾಕ್ಷಿಪಾಳ್ಯದವಳು. ನಂಬರಿನ ಚೀಟಿ ಕಳೆದುಕೊಂಡಿದ್ದರಿಂದ ಗಿರಿಜಮ್ಮ ಹೆಸರಿನ ಮೇಲೆ ಫೈಲು ಹುಡುಕಿ ತಾವೇ ವಾರ್ಡಿಗೆ ಕಳುಹಿಸಿದರು. ಡಾಕ್ಟರು ಅದನ್ನು ನೋಡಿ ಪೆನಿಸಿಲಿನ್ ಕೊಟ್ಟರು. ಐದು ನಿಮಿಷದಲ್ಲಿ ಜಯಮ್ಮ ಉಸಿರು ಸಿಗದೆ ಕುಸಿದಳು. ಅವಳನ್ನು ಹೇಗೋ ಉಳಿಸಿಕೊಂಡರು. ಮಗು ಉಳಿಯಲಿಲ್ಲ.

ಮಾರನೆಯ ದಿನ ಫೈಲುಗಳನ್ನು ಜೋಡಿಸುತ್ತಿದ್ದ ಗಿರಿಜಮ್ಮನ ಕೈ ತಟ್ಟನೆ ನಿಂತಿತು. ಅದೇ ಪಾಳ್ಯದ ಜಯಮ್ಮ ಎಂಬ ಹೆಸರಿನ ಇನ್ನೊಂದು ಫೈಲು. ಗಂಡನ ಹೆಸರೂ ಅದೇ. ನಾನು ಹತ್ತಿರ ಹೋಗಿ ನೋಡಿದೆ. ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ "ಪೆನಿಸಿಲಿನ್ ಒಗ್ಗುವುದಿಲ್ಲ" ಎಂದಿತ್ತು. ವಾರ್ಡಿಗೆ ಹೋಗಬೇಕಾಗಿದ್ದ ಫೈಲು ಅದು; ಹಿಂದಿನ ದಿನ ಹೋದದ್ದು ಅದೇ ಹೆಸರಿನ ಬೇರೊಬ್ಬಳದ್ದು.

"ಮೇಡಂ, ಸುಮ್ನಿದ್ಬಿಡಿ. ಯಾರಿಗೂ ಗೊತ್ತಾಗಲ್ಲ" ಎಂದೆ.

"ನಮಗೆ ಗೊತ್ತಾಯ್ತಲ್ಲ" ಎಂದು ಎದ್ದರು.

ಸೂಪರಿಂಟೆಂಡೆಂಟರು ಬಾಗಿಲು ಹಾಕಿಕೊಂಡು, "ಫೈಲನ್ನ ಅದರ ಜಾಗದಲ್ಲಿ ಇಟ್ಬಿಡಿ. ಆಸ್ಪತ್ರೆ ಹೆಸರು ಹೋಗುತ್ತೆ" ಎಂದರಂತೆ. ಗಿರಿಜಮ್ಮ ಅಲ್ಲಿಂದ ನೇರ ವಾರ್ಡಿಗೆ ನಡೆದರು. ನಾನು ಹೆದರಿಕೊಂಡೇ ಹಿಂದೆ ಹೋದೆ.

ಜಯಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಪಕ್ಕದಲ್ಲಿ ಅತ್ತೆ ಕೂತಿದ್ದಳು. ಗಿರಿಜಮ್ಮ ಮಂಚದ ಹತ್ತಿರ ನಿಂತು ಹೇಳಿದರು: "ಅಮ್ಮಾ, ನಿಮ್ಮ ಫೈಲ್ ಬದಲು ಬೇರೆಯವರದ್ದು ಕಳಿಸ್ಬಿಟ್ಟೆ. ಅದಕ್ಕೇ ನಿಮಗೆ ಆಗದಿರೋ ಇಂಜೆಕ್ಷನ್ ಕೊಟ್ರು. ತಪ್ಪು ನಂದು."

ಅತ್ತೆ ಎದ್ದವಳೇ ಗಿರಿಜಮ್ಮನ ಕೆನ್ನೆಗೆ ಹೊಡೆದಳು. ನರ್ಸುಗಳು ಓಡಿಬಂದರು. ಗಿರಿಜಮ್ಮ ಅಲುಗಲಿಲ್ಲ. ಆಗ ಜಯಮ್ಮ ನಿಧಾನವಾಗಿ ಈ ಕಡೆ ತಿರುಗಿದಳು.

"ಗಂಡೋ ಹೆಣ್ಣೋ? ಕೇಳಿದ್ರೆ ಯಾರೂ ಹೇಳ್ತಿಲ್ಲ. ನಿಮ್ಮ ಪುಸ್ತಕದಲ್ಲಿ ಬರ್ದಿರ್ತಾರಲ್ವಾ?"

"ಹೆಣ್ಣು" ಎಂದರು ಗಿರಿಜಮ್ಮ. ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವರನ್ನು ಸಸ್ಪೆಂಡ್ ಮಾಡಿದರು. ಮೂರು ವಾರ ಕಳೆದ ಮೇಲೆ ದಪ್ಪ ನೋಟ್‌ಬುಕ್ಕೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ಲೈಬ್ರರಿಗಳಿಗೆ ಅಲೆದು ಬೇರೆ ಊರುಗಳ ಆಸ್ಪತ್ರೆಗಳಲ್ಲಿ ಏನು ಮಾಡುತ್ತಾರೆಂದು ಓದಿ ಬರೆದುಕೊಂಡಿದ್ದರು. ಪ್ರತಿ ಫೈಲಿನ ಮೇಲೆ ತಾಯಿಯ ಹೆಸರೂ ಇರಬೇಕು, ಔಷಧ ಒಗ್ಗದವರ ಫೈಲಿನ ಹೊರಗೇ ಕೆಂಪು ಪಟ್ಟಿ ಅಂಟಿಸಬೇಕು. "ನನ್ನ ಹೆಸರು ಹೇಳ್ಬೇಡ. ನೀನೇ ಬರ್ದಿದ್ದು ಅಂತ ಕೊಡು" ಎಂದರು. ಕೊಟ್ಟೆ. ಸೂಪರಿಂಟೆಂಡೆಂಟರು ನನ್ನ ಬೆನ್ನು ತಟ್ಟಿದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ, ಆದರೂ ನಿಜ ಹೇಳಲಿಲ್ಲ. ಗಿರಿಜಮ್ಮನಿಗಿದ್ದ ಎದೆಗಾರಿಕೆ ನನಗಿರಲಿಲ್ಲ.

ಅವರನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅವರು ಕೆಂಗೇರಿಯಲ್ಲಿದ್ದ ತಮ್ಮನ ಮನೆ ಸೇರಿದರು. ನಾಲ್ಕೈದು ವರ್ಷಗಳ ಮೇಲೆ ನಾನು ಹೋದಾಗ ಮೈ ಇಳಿದಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ಪತ್ರೆಯಿಂದ ನನ್ನನ್ನು ಹೊಸ ತರಬೇತಿಗೆ ಕಳುಹಿಸಿದ್ದರು. ಕಾರ್ಡಿಗೆ ತೂತು ಹೊಡೆದು ಯಂತ್ರಕ್ಕೆ ಕೊಟ್ಟರೆ ಆ ಯಂತ್ರವೇ ರೋಗಿಗಳನ್ನು ಎಣಿಸುತ್ತದೆ ಎಂದೆ. ಗಿರಿಜಮ್ಮ ಕಾಫಿ ಲೋಟವನ್ನು ನೆಲಕ್ಕಿಟ್ಟು ನೆಟ್ಟಗೆ ಕೂತರು.

"ತೂತು ಎಲ್ಲಿ ಹೊಡೀಬೇಕು ಅಂತ ಹೇಗೆ ಗೊತ್ತಾಗುತ್ತೆ? ತಪ್ಪು ಜಾಗದಲ್ಲಿ ಹೊಡೆದ್ರೆ?" ಮೂರು ಸಲ ಹೇಳಿಸಿಕೊಂಡರು. "ಮುಂದಿನ ಭಾನುವಾರ ಒಂದು ಕಾರ್ಡ್ ತಗೊಂಬಾ. ಮುಟ್ಟಿ ನೋಡ್ಬೇಕು."

ಭಾನುವಾರ ನಾಲ್ಕು ಕಾರ್ಡುಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಗೇಟಿನಲ್ಲೇ ಅವರ ತಮ್ಮ ನಿಂತಿದ್ದರು, ತಲೆ ಬೋಳಿಸಿರಲಿಲ್ಲ, ಏನೂ ಇರಲಿಲ್ಲ. ನನಗೆ ಅನುಮಾನವೇ ಬರಲಿಲ್ಲ.

"ಅಕ್ಕ ಮಂಗಳವಾರ ಹೋಗ್ಬಿಟ್ಳಮ್ಮ" ಎಂದರು. "ಹಾರ್ಟು. ನಿಮ್ಮ ಅಡ್ರೆಸ್ ನಮ್ಮತ್ರ ಇರ್ಲಿಲ್ಲ."

ನಾನು ಕಂಬಿ ಹಿಡಿದುಕೊಂಡೆ.

"ಅವತ್ತು ಬೆಳಗ್ಗೆ ಕೂಡ ಭಾನುವಾರಕ್ಕೆ ಇನ್ನೆಷ್ಟು ದಿನ ಅಂತ ಕೇಳಿದ್ಲು. ಏನು ತರ್ತೀನಿ ಅಂದಿದ್ರಮ್ಮ ನೀವು?"